ಬಾಟಲಿ ಮೇಲೆ ತಿಳಿ, ತಳದಲ್ಲಿ ಬಿಳಿ ಗಸಿ: ಮಗುವಿನ ಜ್ವರದ ಔಷಧ ಕೆಟ್ಟಿದ್ಯಾ?

ಕೈವಾರದ_ದಾರಿ (ಚಿಂತಾಮಣಿ), ಶನಿವಾರ ರಾತ್ರಿ 9:12
ಎಲ್ಲರಿಗೂ ನಮಸ್ಕಾರ. ಮಗಳಿಗೆ ಮೂರು ವರ್ಷ, ತೂಕ 13 ಕೆ.ಜಿ. ನಿನ್ನೆ ಸಂಜೆಯಿಂದ ಜ್ವರ. ಡಾಕ್ಟ್ರು ಪ್ಯಾರಾಸಿಟಮಾಲ್ ಬರೆದುಕೊಟ್ರು, 5 ಮಿ.ಲೀ.ಗೆ 250 ಮಿ.ಗ್ರಾಂ ಇರೋದು. ಆರು ಗಂಟೆಗೊಂದ್ಸಲ 3 ಮಿ.ಲೀ. ಕೊಡಿ ಅಂದ್ರು. 60 ಮಿ.ಲೀ. ಬಾಟಲಿ.

ಹೋದ ವರ್ಷ ಇದೇ ಔಷಧ ಬೇರೆ ಕಂಪನಿದು ತಂದಿದ್ವಿ. ಅದು ನೀರಿನ ಹಾಗೆ ತಿಳಿಯಾಗಿತ್ತು. ಇದು ನೋಡಿದ್ರೆ ಮೇಲೆ ತಿಳಿ, ತಳದಲ್ಲಿ ಸುಣ್ಣದ ಹಾಗೆ ಬಿಳಿ ಗಸಿ. ನಮ್ಮತ್ತೆ "ಗಸಿ ಮಗೂಗೆ ಹೋಗಬಾರದು" ಅಂತ ತುಪ್ಪ ಬಗ್ಗಿಸೋ ಹಾಗೆ ಬಾಟಲಿ ಅಲ್ಲಾಡದಂತೆ ಹಿಡಿದು ಮೇಲಿನ ತಿಳಿ ಮಾತ್ರ ತೆಗೆದು ಕೊಟ್ಟಿದ್ದಾರೆ. ಮೂರು ಸಲ ಆಯ್ತು. ಜ್ವರ ಅರ್ಧ ಡಿಗ್ರೀನೂ ಇಳಿದಿಲ್ಲ. ಔಷಧ ಕೆಟ್ಟಿದ್ಯಾ, ನಕಲಿನಾ? ಉಳಿದಿದ್ದನ್ನ ಕೊಡಬಹುದಾ?

ಔಷಧದಂಗಡಿ_ತುಮಕೂರು, 9:20
ಸಾರ್, ಔಷಧ ಕೆಟ್ಟಿಲ್ಲ. ಆ ಬಿಳಿ ಗಸಿನೇ ಔಷಧ. ನಿಮ್ಮ ಮಗುಗೆ ಮೂರು ಸಲವೂ ಹೆಚ್ಚಾಗಿ ಹೋಗಿರೋದು ಸಕ್ಕರೆ ನೀರು.

ಮೊದಲು ಕೆಲಸದ ಮಾತು. ಮಗು ನೀರು ಕುಡೀತಿದ್ಯಾ, ಉಚ್ಚೆ ಹೋಗ್ತಿದ್ಯಾ, ಮಾತಾಡಿಸಿದ್ರೆ ಓಗೊಡುತ್ತಾ? ಮಂಕಾಗಿದ್ರೆ, ವಾಂತಿ ನಿಲ್ಲದಿದ್ರೆ ಇಲ್ಲಿ ಓದ್ತಾ ಕೂರಬೇಡಿ, ಆಸ್ಪತ್ರೆಗೆ ಹೊರಡಿ. ಚೆನ್ನಾಗಿದ್ರೆ ಹೊಸ ಬಾಟಲಿ ತನ್ನಿ, ತಳದಲ್ಲಿ ಏನೂ ಅಂಟಿಲ್ಲ ಅನ್ನೋವರೆಗೂ ಕುಲುಕಿ, ಡಾಕ್ಟ್ರು ಹೇಳಿದಷ್ಟೇ ಕೊಡಿ. ಹಿಂದಿನದು ಹೋಗಿಲ್ಲ ಅಂತ ಈಗ ಎರಡರಷ್ಟು ಕೊಡೋಕೆ ಹೋಗಬೇಡಿ. ವಿವರ ಆಮೇಲೆ ಬರೀತೀನಿ.

ಕೈವಾರದ_ದಾರಿ, 9:26
ಮಗು ಆಟ ಆಡ್ತಿದೆ ಸಾರ್, ನೀರೂ ಕುಡೀತಿದೆ. ಮೈ ಮಾತ್ರ ಸುಡ್ತಿದೆ. ಅಂಗಡಿ ತೆಗೆದಿದ್ಯಾ ನೋಡಿ ಬರ್ತೀನಿ.

ರಾಗಿಮುದ್ದೆ (ಕೋಲಾರ), 9:31
ಅಲ್ಲ, ಒಳ್ಳೆ ಕಂಪನಿ ಔಷಧ ಯಾಕೆ ತಳ ಹಿಡಿಯುತ್ತೆ? ಸರಿಯಾಗಿ ಕರಗಿಸಿಲ್ಲ ಅಂತ ತಾನೆ ಅರ್ಥ? ತಿಳಿಯಾಗಿರೋದನ್ನೇ ಕೇಳಿ ತಗೊಳ್ಳಿ ಅಂತ ನಾನು ಹೇಳ್ತೀನಿ.

ಫಾರ್ಮ_ನಾಲ್ಕನೇ_ಸೆಮ್ (ತುಮಕೂರು), 9:44
ಇಲ್ಲ ಅಣ್ಣ, ಇದೇ ನಮ್ಮ ಈ ಸೆಮಿಸ್ಟರಿನ ಪಾಠ. ಪ್ಯಾರಾಸಿಟಮಾಲ್ ನೀರಲ್ಲಿ ಕರಗೋದೇ ಕಮ್ಮಿ. ಮನೆಯೊಳಗಿನ ಮಾಮೂಲಿ ತಾಪಮಾನದಲ್ಲಿ ಒಂದು ಮಿ.ಲೀ. ನೀರಿಗೆ ಸುಮಾರು 14 ಮಿ.ಗ್ರಾಂ, ಅಷ್ಟೇ. ಈ ಬಾಟಲಿಯಲ್ಲಿ ಒಂದು ಮಿ.ಲೀ.ಗೆ 50 ಮಿ.ಗ್ರಾಂ ಇರಬೇಕು. ಮಿಕ್ಕ 36 ಎಲ್ಲಿಗೆ ಹೋಗಬೇಕು? ಕರಗದೆ ಪುಡಿಯಾಗೇ ತೇಲಾಡ್ಕೊಂಡಿರುತ್ತೆ. ಇದಕ್ಕೆ ಸಸ್ಪೆನ್ಷನ್ ಅಂತಾರೆ. ಇಟ್ಟಲ್ಲೇ ಇಟ್ರೆ ತಳಕ್ಕೆ ಕೂರುತ್ತೆ, ಅದು ಅದರ ಸ್ವಭಾವ.

ಲೆಕ್ಕ ಹಾಕಿದೆ. ಅಜ್ಜಿ ಕೊಟ್ಟ 3 ಮಿ.ಲೀ. ತಿಳಿಯಲ್ಲಿ ಇದ್ದಿದ್ದು ಹತ್ತಿರ ಹತ್ತಿರ 42 ಮಿ.ಗ್ರಾಂ. ಹೋಗಬೇಕಾಗಿದ್ದು 150. ಕೆ.ಜಿ.ಗೆ 10ರಿಂದ 15 ಮಿ.ಗ್ರಾಂ ಅಂತ ಹಿಡಿದ್ರೆ 13 ಕೆ.ಜಿ. ಮಗುಗೆ 130ರಿಂದ 195 ಬೇಕು. ಜ್ವರ ಹೇಗೆ ಇಳಿಯುತ್ತೆ ಹೇಳಿ.

ರಾಗಿಮುದ್ದೆ, 9:50
ಹಾಗಾದ್ರೆ ಹೋದ ವರ್ಷದ ತಿಳಿ ಬಾಟಲಿ? ಅದರಲ್ಲಿ ಹೇಗೆ ಕರಗ್ತು?

ಫಾರ್ಮ_ನಾಲ್ಕನೇ_ಸೆಮ್, 9:53
ಬರೀ ನೀರಲ್ಲ ಅಣ್ಣ. ಪ್ರೊಪಿಲೀನ್ ಗ್ಲೈಕಾಲ್, ಗ್ಲಿಸರಿನ್ ಥರದ್ದು ಸೇರಿಸ್ತಾರೆ. ನೀರಿಗೆ ಜೊತೆಗಾರ ದ್ರಾವಕ ಇದ್ದ ಹಾಗೆ. ಆಗ ಜಾಸ್ತಿ ಕರಗುತ್ತೆ. ಆದ್ರೆ ಕರಗಿದಷ್ಟೂ ನಾಲಿಗೆಗೆ ಕಹಿ ಜಾಸ್ತಿ. ಕರಗದ ಪುಡಿ ನಾಲಿಗೆಗೆ ಅಷ್ಟು ತಾಗಲ್ಲ, ಅದಕ್ಕೇ ಮಕ್ಕಳ ಔಷಧ ಎಷ್ಟೋ ಸಸ್ಪೆನ್ಷನ್ ಆಗೇ ಬರುತ್ತೆ.

ಡೇರಿ_ಸೆಕ್ರೆಟರಿ (ಮುಳಬಾಗಿಲು), 10:05
ಅಜ್ಜಿಯನ್ನ ಯಾರೂ ಬೈಬೇಡಿ ದಯವಿಟ್ಟು. ಗಸಿ ಬಿಟ್ಟು ತಿಳಿ ಬಗ್ಗಿಸೋದು ನಮ್ಮ ಮನೆಗಳಲ್ಲಿ ಹುಟ್ಟಿನಿಂದ ಬಂದಿರೋ ಬುದ್ಧಿ. ಎಣ್ಣೆ, ತುಪ್ಪ, ಕಷಾಯ, ಕೆರೆ ನೀರು, ಎಲ್ಲದರಲ್ಲೂ ತಿಳಿಯೇ ಒಳ್ಳೇದು.

ಆದ್ರೆ ನಮ್ಮ ಡೇರಿಯಲ್ಲಿ ಇದೇ ವಿಷಯಕ್ಕೆ ದಿನಾ ಬೆಳಗ್ಗೆ ಜಗಳ. ಕ್ಯಾನ್ ಹಾಲು ಸ್ವಲ್ಪ ಹೊತ್ತು ನಿಂತ್ರೆ ಕೆನೆ ಮೇಲೆ ಬರುತ್ತೆ. ಕಲಕದೆ ಮೇಲಿಂದ ಸ್ಯಾಂಪಲ್ ತೆಗೆದ್ರೆ ಫ್ಯಾಟ್ ಜಾಸ್ತಿ ತೋರಿಸುತ್ತೆ, ಅಡಿಯಿಂದ ತೆಗೆದ್ರೆ ಕಮ್ಮಿ. ಹಾಲು ಒಂದೇ, ದುಡ್ಡು ಬೇರೆ ಬೇರೆ. ಅದಕ್ಕೇ ಕಡ್ಡಾಯವಾಗಿ ಮೇಲಿಂದ ಕೆಳಗೆ ಕಲಕಿ ಆಮೇಲೆ ಸ್ಯಾಂಪಲ್. ಔಷಧದ ಬಾಟಲೀನೂ ಹಾಗೇ ಅಲ್ವಾ? ಇಲ್ಲಿ ಪುಡಿ ಭಾರ, ಕೆಳಗೆ ಹೋಗುತ್ತೆ. ಅಲ್ಲಿ ಕೊಬ್ಬು ಹಗುರ, ಮೇಲೆ ಹೋಗುತ್ತೆ.

ಫಾರ್ಮ_ನಾಲ್ಕನೇ_ಸೆಮ್, 10:11
ಅಕ್ಷರಶಃ ಅದೇ ಸಾರ್! ಎರಡಕ್ಕೂ ಒಂದೇ ಸೂತ್ರ. ಸ್ಟೋಕ್ಸ್ ಅನ್ನೋರು 1851ರಲ್ಲಿ ಕೊಟ್ಟಿದ್ದು. ಕಣದ ಅಡ್ಡಗಲದ ವರ್ಗಕ್ಕೆ ತಕ್ಕಂತೆ ಅದು ಕೂರೋ ಅಥವಾ ಮೇಲೇಳೋ ವೇಗ ಏರುತ್ತೆ, ಕಣಕ್ಕೂ ದ್ರವಕ್ಕೂ ಸಾಂದ್ರತೆಯ ವ್ಯತ್ಯಾಸ ಹೆಚ್ಚಿದ್ರೆ ಏರುತ್ತೆ, ದ್ರವ ಮಂದ ಇದ್ರೆ ಇಳಿಯುತ್ತೆ. 10 ಮೈಕ್ರಾನ್ ಕಣ 1 ಮೈಕ್ರಾನ್ ಕಣಕ್ಕಿಂತ ನೂರು ಪಟ್ಟು ಬೇಗ ಕೂರುತ್ತೆ. ಪ್ಯಾಕೆಟ್ ಹಾಲನ್ನ ಹೋಮೊಜಿನೈಸ್ ಮಾಡೋದು ಯಾಕೆ? ಕೊಬ್ಬಿನ ಹನಿ ಚಿಕ್ಕದು ಮಾಡಿದ್ರೆ ಕೆನೆ ಮೇಲೆ ಬರೋದು ತುಂಬಾ ನಿಧಾನ ಆಗುತ್ತೆ ಅಂತ.

ಹಾಲು ಒಂದರಲ್ಲೇ ನಮ್ಮ ಅರ್ಧ ಸಿಲಬಸ್ ಇದೆ. ಲ್ಯಾಕ್ಟೋಸ್ ಸಕ್ಕರೆ ಪೂರ್ತಿ ಕರಗಿರೋದು, ನಿಜವಾದ ದ್ರಾವಣ. ಕೇಸೀನ್ ಅನ್ನೋ ಹಾಲಿನ ಪ್ರೋಟೀನ್ ಕರಗೋದೂ ಇಲ್ಲ, ಕೂರೋದೂ ಇಲ್ಲ, ಅದು ಕಲಿಲ (ಕೊಲಾಯ್ಡ್). ಕೊಬ್ಬಿನ ಹನಿಗಳು ಎಮಲ್ಷನ್, ಅಂದ್ರೆ ನೀರಲ್ಲಿ ಕರಗದೆ ಹನಿ ಹನಿಯಾಗಿ ಹರಡಿರೋದು.

ಸೊಪ್ಪಿನಸಾರು, 10:14
ನಮ್ಮ ಮೇಷ್ಟ್ರು ಹೀಗೆ ಹೇಳಿಕೊಟ್ಟಿದ್ರೆ ಪಾಸಾಗ್ತಿದ್ದೆ.

ಔಷಧದಂಗಡಿ_ತುಮಕೂರು, 10:40
ಅಂಗಡಿ ಮುಚ್ಚಿ ಬಂದೆ, ಈಗ ಬರೀತೀನಿ. "ತಳ ಹಿಡಿದ್ರೆ ಕಳಪೆ" ಅನ್ನೋ ಮಾತು 22 ವರ್ಷದಿಂದ ಕೌಂಟರಲ್ಲಿ ಕೇಳ್ತಾ ಬಂದಿದ್ದೀನಿ. ಎಷ್ಟೋ ಸಲ ಸತ್ಯ ಅದಕ್ಕೆ ಉಲ್ಟಾ.

ಸಸ್ಪೆನ್ಷನ್‌ನಲ್ಲಿ ಎರಡು ಜಾತಿ. ಒಂದರಲ್ಲಿ ಕಣಗಳು ಒಂದನ್ನೊಂದು ದೂರ ತಳ್ಳುತ್ತಾ ಒಂಟಿ ಒಂಟಿಯಾಗಿರ್ತವೆ. ನಿಧಾನಕ್ಕೆ ಕೂರ್ತವೆ, ವಾರಗಟ್ಟಲೆ ಬಾಟಲಿ ಹಾಲಿನ ಹಾಗೆ ಚೆಂದ ಕಾಣುತ್ತೆ. ಆದ್ರೆ ಒಂದೊಂದೇ ಬಂದು ಒತ್ತಾಗಿ ಕೂತಾಗ ತಳದಲ್ಲಿ ಸಿಮೆಂಟ್ ಥರ ಗಟ್ಟಿ ಹೆಪ್ಪು. ಎಷ್ಟು ಕುಲುಕಿದ್ರೂ ಏಳಲ್ಲ. ಅದಕ್ಕೆ ಕೇಕಿಂಗ್ ಅಂತೀವಿ, ಆ ಬಾಟಲಿ ಎಸೆಯೋದೇ. ಇನ್ನೊಂದರಲ್ಲಿ ಕಣಗಳು ಸಡಿಲವಾಗಿ ಗುಂಪು ಕಟ್ಟಿಕೊಂಡಿರ್ತವೆ. ಬೇಗ ಕೂರ್ತವೆ, ಮೇಲೆ ತಿಳಿ ಬಿಟ್ಟುಕೊಳ್ತವೆ, ನೋಡೋಕೆ ಚೆನ್ನಾಗಿರಲ್ಲ. ಆದ್ರೆ ಅರಳಿದ ಹತ್ತಿಯ ಹಾಗೆ ಕೂತಿರೋದ್ರಿಂದ ನಾಲ್ಕು ಸಲ ಕುಲುಕಿದ್ರೆ ಪೂರ್ತಿ ಎದ್ದು ಬೆರೆಯುತ್ತೆ. ತಯಾರಿಸೋರು ಬೇಕು ಅಂತಲೇ ಲವಣ ಸೇರಿಸಿ ಹೀಗೆ ಗುಂಪು ಕಟ್ಟಿಸ್ತಾರೆ, ಜೊತೆಗೆ ಕ್ಸಾಂಥನ್ ಗೋಂದಿನಂಥದ್ದು ಹಾಕಿ ದ್ರವವನ್ನ ಮಂದ ಮಾಡ್ತಾರೆ.

ಹಾಗಾಗಿ ಗಿರಾಕಿ ನೋಡಬೇಕಾದ್ದು ಗಸಿ ಇದ್ಯಾ ಅಂತ ಅಲ್ಲ, ಗಸಿ ಏಳುತ್ತಾ ಅಂತ. ಬಾಟಲಿ ತಲೆಕೆಳಗು ಮಾಡಿ ತಳದ ಗಾಜು ನೋಡಿ. ಬಿಳಿ ಪದರ ಅಂಟಿಕೊಂಡೇ ಇದ್ರೆ ವಾಪಸ್ ತನ್ನಿ.

ರಾಗಿಮುದ್ದೆ, 10:52
ಒಪ್ಪಿದೆ ಸಾರ್. ರಾಗಿ ಹಿಟ್ಟು ತಣ್ಣೀರಲ್ಲಿ ಕಲಸಿಟ್ರೆ ತಳ ಹಿಡಿಯುತ್ತೆ, ಅದನ್ನೇ ಕಾಯಿಸಿ ಅಂಬಲಿ ಮಾಡಿದ್ರೆ ಕೂರಲ್ಲ. ಅಲ್ಲಿ ಕರಗಿಬಿಡುತ್ತೆ ಅಂದುಕೊಂಡಿದ್ದೆ. ಈಗ ಅನುಮಾನ.

ಫಾರ್ಮ_ನಾಲ್ಕನೇ_ಸೆಮ್, 10:55
ಕರಗಲ್ಲ ಅಣ್ಣ. ಬಿಸಿಗೆ ಪಿಷ್ಟದ ಕಣ ನೀರು ಕುಡಿದು ಉಬ್ಬುತ್ತೆ, ಸುತ್ತಲಿನ ನೀರೇ ಮಂದ ಆಗುತ್ತೆ. ಗೋಂದು ಮಾಡೋ ಕೆಲಸವನ್ನ ರಾಗಿ ತಾನೇ ಮಾಡಿಕೊಳ್ಳುತ್ತೆ.

ದ್ರಾಕ್ಷಿತೋಟ (ಚಿಕ್ಕಬಳ್ಳಾಪುರ), 11:08
ನಾನು ಔಷಧದೋನಲ್ಲ, ರೈತ. ಇದೆಲ್ಲ ನಮಗೆ ಸ್ಪ್ರೇಯರ್ ಕಲಿಸಿದೆ. ಡಬ್ಲ್ಯುಪಿ (ನೀರಲ್ಲಿ ನೆನೆಯೋ ಪುಡಿ) ಅಂತ ಬರೆದಿರೋ ಕೀಟನಾಶಕ, ರೋಗನಾಶಕದ ಪುಡಿ ಡ್ರಮ್ಮಿಗೆ ಹಾಕಿ ಕಲಕ್ತಾನೇ ಇರಬೇಕು. ಬೀಡಿ ಹಚ್ಚೋಕೆ ನಿಂತ್ರೆ ಮೊದಲ ಸಾಲಿಗೆ ನೀರು, ಕೊನೆ ಸಾಲಿನ ಎಲೆ ಸುಟ್ಟು ಹೋಗುತ್ತೆ. ಈಸಿ (ನೀರಲ್ಲಿ ಎಮಲ್ಷನ್ ಆಗೋದು) ಅಂತ ಬರೆದಿರೋದು ಎಣ್ಣೆ ಥರ ಇರುತ್ತೆ, ನೀರಿಗೆ ಬಿದ್ದ ತಕ್ಷಣ ಹಾಲಾಗುತ್ತೆ.

ದ್ರಾಕ್ಷಿಯ ಡೌನಿ ಬೂಜು ರೋಗಕ್ಕೆ ಬೋರ್ಡೋ ಹೊಡೀತೀವಲ್ಲ, ಶೇಕಡಾ ಒಂದರದ್ದು. ಮೈಲುತುತ್ತ 1 ಕೆ.ಜಿ., ಸುಣ್ಣ 1 ಕೆ.ಜಿ., ನೀರು 100 ಲೀಟರ್. ಎರಡನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಡ್ರಮ್ಮಲ್ಲಿ ಕಲಸಿ, ತುತ್ತದ ನೀರನ್ನ ಸುಣ್ಣಕ್ಕೆ ಹುಯ್ಯಬೇಕು. ಉಲ್ಟಾ ಹುಯ್ದ್ರೆ ಕಣ ದಪ್ಪ ಆಗಿ ಬೇಗ ತಳ ಹಿಡಿಯುತ್ತೆ, ನಾಜಲ್ ಕಟ್ಟುತ್ತೆ ಅಂತ ನಮ್ಮಪ್ಪ ಹೇಳ್ತಿದ್ರು. ಆಮೇಲೆ ಕಬ್ಬಿಣದ ಚಾಕು ಅದ್ದಿ ನೋಡಬೇಕು. ಚಾಕು ಮೇಲೆ ತಾಮ್ರದ ಕೆಂಪು ಹತ್ತಿದ್ರೆ ಸುಣ್ಣ ಸಾಲದು. ಅದನ್ನ ಅವತ್ತೇ ಹೊಡೆದು ಮುಗಿಸಬೇಕು.

ನನ್ನ ಪ್ರಶ್ನೆ: ಎಲ್ಲರೂ ಅದನ್ನ "ಬೋರ್ಡೋ ದ್ರಾವಣ" ಅಂತಾರೆ. ನೀವು ಹೇಳೋ ಪ್ರಕಾರ ಅದು ದ್ರಾವಣವೇ ಅಲ್ಲ, ಹೌದಾ?

ಔಷಧದಂಗಡಿ_ತುಮಕೂರು, 11:13
ಅಲ್ಲವೇ ಅಲ್ಲ. ಅದು ಸಸ್ಪೆನ್ಷನ್. ನಿಮ್ಮ ತಂದೆ ಹೇಳಿದ್ದು ಪಕ್ಕಾ ಶಾಸ್ತ್ರ.

ತಿಪಟೂರು_ಮೇಷ್ಟ್ರು, 11:30
ಇಲ್ಲಿ ನನ್ನದೊಂದು ತಕರಾರಿದೆ. ಶಾಲೆ ಪುಸ್ತಕದಲ್ಲಿ ದ್ರಾವಣ, ಕಲಿಲ, ನಿಲಂಬನ (ನೀವು ಹೇಳೋ ಸಸ್ಪೆನ್ಷನ್) ಅಂತ ಮೂರು ಮಾತು ಕಲಿಸ್ತೀವಿ. 1 ನ್ಯಾನೊಮೀಟರಿಗಿಂತ ಚಿಕ್ಕ ಕಣ ಇದ್ರೆ ದ್ರಾವಣ, ಅಲ್ಲಿಂದ ಹೆಚ್ಚು ಕಮ್ಮಿ 1 ಮೈಕ್ರಾನ್‌ವರೆಗೆ ಕಲಿಲ, ಅದಕ್ಕಿಂತ ದಪ್ಪ ಆದ್ರೆ ನಿಲಂಬನ. ಕಲಿಲಕ್ಕೆ ಇಂಗ್ಲಿಷಿನ ಹೆಸರು ಕೊಟ್ಟಿದ್ದು ಥಾಮಸ್ ಗ್ರಹಾಂ, 1861ರಲ್ಲಿ. ಮಕ್ಕಳು ಬಾಯಿಪಾಠ ಮಾಡ್ತಾರೆ. ಹೊರಗೆ ಬಂದ್ರೆ ಎಲ್ಲವೂ "ದ್ರಾವಣ". ಹಾಗಿದ್ಮೇಲೆ ಅಜ್ಜಿಗೆ ವ್ಯತ್ಯಾಸ ಹೇಗೆ ತಿಳೀಬೇಕು? ನಮ್ಮಲ್ಲಿ ತಿಳಿ, ಬಗ್ಗಡ, ಗಸಿ, ಕದಡು ಅಂತ ಎಷ್ಟು ಒಳ್ಳೆ ಮಾತುಗಳಿವೆ! ನಿಲಂಬನ ಅನ್ನೋ ಬದಲು "ಕದಡು ಔಷಧ" ಅಂದ್ರೆ ಕುಲುಕಿ ಅಂತ ಬೇರೆ ಹೇಳಬೇಕಾಗೇ ಇಲ್ಲ, ಹೆಸರಲ್ಲೇ ಇದೆ.

ಫಾರ್ಮ_ನಾಲ್ಕನೇ_ಸೆಮ್, 11:34
ಸಾರ್, ಕದಡು ಅಂದ್ರೆ ಜನ ಕೆಟ್ಟಿದೆ ಅಂದುಕೊಳ್ತಾರೆ. ಕದಡಿದ ನೀರು ಯಾರೂ ಕುಡಿಯಲ್ಲ.

ತಿಪಟೂರು_ಮೇಷ್ಟ್ರು, 11:37
ಮಜ್ಜಿಗೆ ಕುಡಿಯಲ್ವೇನಪ್ಪಾ?

ಡೇರಿ_ಸೆಕ್ರೆಟರಿ, 11:40
ಹೆಸರು ಏನಾದ್ರೂ ಇರಲಿ, ಲೇಬಲ್ ಮೇಲೆ ಕನ್ನಡದಲ್ಲಿ ದಪ್ಪಕ್ಷರದಲ್ಲಿ "ಕುಲುಕಿ ಕೊಡಿ" ಅಂತ ಹಾಕಲಿ. ಮನೆಯಲ್ಲಿರೋ ಐದು ಬಾಟಲಿ ನೋಡಿದೆ, ಐದರಲ್ಲೂ ಇಂಗ್ಲಿಷ್, ಅದೂ ಇರುವೆ ಸಾಲಿನ ಹಾಗೆ. ಔಷಧ ಕೊಡೋದು ಮನೆಯಲ್ಲಿ ಅಜ್ಜಿ. ಓದೋದು ಯಾರು?

ಕೈವಾರದ_ದಾರಿ, 11:48
ಹೊಸ ಬಾಟಲಿ ಸಿಕ್ತು. ಕುಲುಕಿ 3 ಮಿ.ಲೀ. ಕೊಟ್ಟೆ. ಈಗ ಬೆವರ್ತಿದ್ದಾಳೆ. ಎಲ್ಲರಿಗೂ ಕೈ ಮುಗೀತೀನಿ.

ಒಂದು ಕೇಳಬೇಕು. ಹಳೇ ಬಾಟಲಿಯಲ್ಲಿ ಇನ್ನೂ 51 ಮಿ.ಲೀ. ಇದೆ. ಈಗ ಕುಲುಕಿದ್ರೆ ಸರಿ ಹೋಗಲ್ವಾ?

ಫಾರ್ಮ_ನಾಲ್ಕನೇ_ಸೆಮ್, 11:56
ಒಳ್ಳೆ ಪ್ರಶ್ನೆ. 60 ಮಿ.ಲೀ.ನಲ್ಲಿ ಒಟ್ಟು 3000 ಮಿ.ಗ್ರಾಂ. ತಿಳಿ 9 ಮಿ.ಲೀ. ತೆಗೆದಾಗ ಹೋಗಿದ್ದು ಸುಮಾರು 126. ಉಳಿದ 2874 ಈಗ 51 ಮಿ.ಲೀ.ನಲ್ಲಿದೆ. ಅಂದ್ರೆ ಮಿ.ಲೀ.ಗೆ 56. ನಿಮ್ಮ 3 ಮಿ.ಲೀ.ಗೆ 169 ಬರುತ್ತೆ. ಇನ್ನೂ ಮಿತಿಯೊಳಗೇ ಇದೆ, ಬಳಸಬಹುದು ಅನ್ಸುತ್ತೆ.

ಔಷಧದಂಗಡಿ_ತುಮಕೂರು, ಭಾನುವಾರ ಬೆಳಗ್ಗೆ 6:50
ಬೇಡ. ಲೆಕ್ಕ ಸರಿ ಇದೆ ಮಗಾ, ಸಲಹೆ ತಪ್ಪು. ಅಜ್ಜಿ ಮೂರು ಸಲವೂ ಬರೀ ತಿಳಿಯನ್ನೇ ತೆಗೆದ್ರು ಅಂತ ನೀನು ನಂಬಿಕೊಂಡು ಹಾಕಿದ ಲೆಕ್ಕ ಅದು. ದ್ರವದಲ್ಲಿ ಸಕ್ಕರೆ, ಸಾರ್ಬಿಟಾಲ್ ಇರೋವಾಗ ಕರಗುವಿಕೆ 14ರಲ್ಲೇ ನಿಲ್ಲುತ್ತೆ ಅಂತಲೂ ಇಲ್ಲ. ಬಾಟಲಿಯಲ್ಲಿ ಎಷ್ಟಿದೆ ಅಂತ ಗೊತ್ತಿಲ್ಲದ ಔಷಧ ಮಗುಗೆ ಬೇಡ.

ಇದೇ ರೀತಿ ಅರ್ಧ ಬಾಟಲಿ ತಿಳಿ ಬಗ್ಗಿಸಿದ್ರೆ ಏನಾಗ್ತಿತ್ತು ನೋಡು. 30 ಮಿ.ಲೀ.ನಲ್ಲಿ ಹೋಗೋದು 420, ಉಳಿದ 30ರಲ್ಲಿ 2580. ಮಿ.ಲೀ.ಗೆ 86! ಅದೇ 3 ಮಿ.ಲೀ. ಈಗ 258 ಮಿ.ಗ್ರಾಂ. ಮೊದಲ ಎರಡು ದಿನ ಜ್ವರ ಇಳಿಯಲ್ಲ ಅಂತ ಒದ್ದಾಟ, ಆಮೇಲೆ ಪ್ರತಿ ಸಲ ಮಿತಿ ಮೀರಿ ಲಿವರ್ ಮೇಲೆ ಹೊರೆ. ಬಾಟಲಿ ಒಂದೇ, ಚಮಚ ಒಂದೇ, ಡಾಕ್ಟ್ರ ಚೀಟಿ ಒಂದೇ.

ಇನ್ನೊಂದು. ಅದೇ ಪ್ಯಾರಾಸಿಟಮಾಲ್ ಹಸುಗೂಸಿನ ಡ್ರಾಪ್ಸ್ ರೂಪದಲ್ಲಿ ಮಿ.ಲೀ.ಗೆ 100 ಮಿ.ಗ್ರಾಂ ಇರೋದು ಸಿಗುತ್ತೆ. 5 ಮಿ.ಲೀ.ಗೆ 125 ಇರೋ ಸಿರಪ್‌ಗಿಂತ ನಾಲ್ಕು ಪಟ್ಟು ಗಟ್ಟಿ. "ಪ್ಯಾರಾಸಿಟಮಾಲ್ ತಾನೆ" ಅಂತ ಡ್ರಾಪ್ಸ್ ಬಾಟಲಿಯಿಂದ ಚಮಚಕ್ಕೆ ಹುಯ್ಯಬೇಡಿ. ಅಡುಗೆ ಮನೆ ಚಮಚವಂತೂ ಬೇಡವೇ ಬೇಡ, ಒಂದೊಂದು ಮನೇದು ಒಂದೊಂದು ಅಳತೆ.

ಫಾರ್ಮ_ನಾಲ್ಕನೇ_ಸೆಮ್, 7:30
ಒಪ್ಪಿದೆ ಸಾರ್. ನನ್ನ ಮಾತು ವಾಪಸ್. ಕೈವಾರದ ಅಣ್ಣ, ಹಳೇದು ಬಳಸಬೇಡಿ.

ಪಾವಗಡ_ಸಿಸ್ಟರ್, 8:15
ಕುಲುಕೋದರ ಬಗ್ಗೆ ಮಾತು ಬಂದಿದ್ದಕ್ಕೆ ಹೇಳ್ತೀನಿ. ಎಲ್ಲವನ್ನೂ ಒಂದೇ ಥರ ಕುಲುಕಬಾರದು. ನಮ್ಮ ಕಡೆ ಒಬ್ಬ ತಾತನಿಗೆ ಎರಡು ಥರ ಇನ್ಸುಲಿನ್. ಒಂದು ತಿಳಿ, ಇನ್ನೊಂದು ಮಜ್ಜಿಗೆ ಹಾಗೆ ಬೆಳ್ಳಗೆ, ಅದು ಎನ್‌ಪಿಎಚ್. ಬೆಳ್ಳಗಿರೋದನ್ನ ಅಂಗೈಗಳ ಮಧ್ಯೆ ಇಟ್ಟು ಮೆತ್ತಗೆ ಹೊರಳಿಸಬೇಕು, ಜೋರಾಗಿ ಕುಲುಕಿದ್ರೆ ನೊರೆ ಬಂದು ಅಳತೆ ತಪ್ಪುತ್ತೆ. ತಿಳಿ ಇನ್ಸುಲಿನ್ ಬಗ್ಗಡ ಆದ್ರೆ ಎಸೀಬೇಕು. ತಾತ ಉಲ್ಟಾ ತಿಳ್ಕೊಂಡು ಬೆಳ್ಳಗಿರೋದನ್ನೇ ಎಸೆದಿದ್ರು.

ಲಸಿಕೆಯಲ್ಲೂ ಇದೆ. ಪೆಂಟಾ (ಐದು ರೋಗಕ್ಕೆ ಒಂದೇ ಲಸಿಕೆ), ಟಿಡಿ (ಧನುರ್ವಾಯು, ಗಂಟಲಮಾರಿಗೆ), ಹೆಪಟೈಟಿಸ್ ಬಿ, ಇವಕ್ಕೆಲ್ಲ ಅಲ್ಯುಮಿನಿಯಂ ಲವಣದ ಮೇಲೆ ಲಸಿಕೆ ಅಂಟಿಸಿರ್ತಾರೆ. 2ರಿಂದ 8 ಡಿಗ್ರಿಯಲ್ಲಿಡಬೇಕು. ಒಂದು ಸಲ ಹೆಪ್ಪುಗಟ್ಟಿದ್ರೆ ಮುಗೀತು, ಕರಗಿಸಿದ್ರೂ ಕಣಗಳು ಉಂಡೆ ಕಟ್ಟಿರ್ತವೆ. ಅನುಮಾನ ಬಂದ್ರೆ ಶೇಕ್ ಟೆಸ್ಟ್ ಮಾಡ್ತೀವಿ. ಬೇಕು ಅಂತಲೇ ಹೆಪ್ಪುಗಟ್ಟಿಸಿ ಕರಗಿಸಿದ ವಯಲ್ (ಲಸಿಕೆಯ ಪುಟ್ಟ ಸೀಸೆ) ಒಂದು, ಅನುಮಾನದ ವಯಲ್ ಒಂದು, ಎರಡನ್ನೂ ಕುಲುಕಿ ಪಕ್ಕಪಕ್ಕ ಇಟ್ಟು ನೋಡೋದು. ಅನುಮಾನದ್ದೂ ಅಷ್ಟೇ ಬೇಗ ತಳಕ್ಕೆ ಕೂತ್ರೆ ಪಕ್ಕಕ್ಕೆ ತೆಗೆದಿಡ್ತೀವಿ. ಐಸ್ ಪ್ಯಾಕ್ ಹೊರಗಿಟ್ಟು, ಒಳಗೆ ನೀರು ಅಲ್ಲಾಡೋ ಸದ್ದು ಬರೋವರೆಗೂ ಕಾದು ಕ್ಯಾರಿಯರಿಗೆ ಹಾಕೋದು ಇದಕ್ಕೇ. ಜನ "ಸಿಸ್ಟರ್ ಲೇಟ್" ಅಂತ ಬೈತಾರೆ. ಬೈಲಿ, ಪರವಾಗಿಲ್ಲ.

ಸೊಪ್ಪಿನಸಾರು, 8:22
ಸಿಸ್ಟರ್, ನಾನೂ ಬೈದಿದ್ದೀನಿ. ಗೊತ್ತಿರಲಿಲ್ಲ, ಕ್ಷಮಿಸಿ.

ಬಾಗೇಪಲ್ಲಿ_ಬೋರ್ವೆಲ್, 8:50
ಪುಡಿ ಔಷಧದ ಬಗ್ಗೆ ಹೇಳಿ. ಆಂಟಿಬಯೋಟಿಕ್ ಪುಡಿ ಬಾಟಲಿ ಕೊಡ್ತಾರಲ್ಲ, ನೀರು ನಾವೇ ಹಾಕ್ಕೋಬೇಕು. ನಮ್ಮದು ಬೋರ್ ನೀರು. ಕುದಿಸಿದ್ರೆ ಆಗುತ್ತಾ?

ಔಷಧದಂಗಡಿ_ತುಮಕೂರು, 9:05
ಆ ಔಷಧ ನೀರಲ್ಲಿದ್ರೆ ದಿನ ಕಳೆದ ಹಾಗೆ ಒಡೆದು ಹೋಗುತ್ತೆ, ಅದಕ್ಕೇ ಪುಡಿಯಾಗಿ ಕೊಡೋದು. ಅಮಾಕ್ಸಿಸಿಲಿನ್ ಜೊತೆ ಕ್ಲಾವುಲನೇಟ್ ಇರೋದಂತೂ ಬಹಳ ಸೂಕ್ಷ್ಮ. ಬಾಟಲಿ ಜೊತೆ ನೀರಿನ ಟ್ಯೂಬ್ ಬಂದಿದ್ರೆ ಅದನ್ನೇ ಹಾಕಿ. ಇಲ್ಲದಿದ್ರೆ ಕುದಿಸಿ ಪೂರ್ತಿ ಆರಿಸಿದ ನೀರು. ಬಿಸಿ ನೀರು ಹಾಕಿದ್ರೆ ಔಷಧ ಅಲ್ಲೇ ಹಾಳು. ಮೊದಲು ಪುಡಿ ತಟ್ಟಿ ಸಡಿಲ ಮಾಡಿ, ಅರ್ಧ ನೀರು ಹಾಕಿ ಕುಲುಕಿ, ನೊರೆ ಇಳಿದ ಮೇಲೆ ಗೆರೆವರೆಗೂ ತುಂಬಿಸಿ. "30 ಮಿ.ಲೀ. ಬಾಟಲಿ" ಅಂತ 30 ಮಿ.ಲೀ. ನೀರು ಅಳೆದು ಹುಯ್ಯಬೇಡಿ, ಪುಡಿಗೂ ಜಾಗ ಬೇಕು, ಔಷಧ ತೆಳ್ಳಗಾಗುತ್ತೆ. ಅಮಾಕ್ಸಿಸಿಲಿನ್-ಕ್ಲಾವುಲನೇಟ್ ಆದ್ರೆ ಫ್ರಿಜ್ಜಲ್ಲಿಡಿ, ಫ್ರೀಜರಲ್ಲಿ ಬೇಡ. ಏಳು ದಿನ ಆದ್ಮೇಲೆ ಚೆಲ್ಲಿ.

ನಿಮ್ಮ ಕಡೆ ಬೋರ್ ನೀರು ಬೇಡ. ಶುದ್ಧ ನೀರಿನ ಘಟಕದ ನೀರನ್ನ ಕುದಿಸಿ ಆರಿಸಿ.

ಬಾಗೇಪಲ್ಲಿ_ಬೋರ್ವೆಲ್, 9:12
ನಮ್ಮ ನೀರು ಕನ್ನಡಿ ಹಾಗೆ ತಿಳಿಯಾಗಿರುತ್ತಲ್ಲ ಸಾರ್?

ಪಾವಗಡ_ಸಿಸ್ಟರ್, 9:20
ನಮ್ಮದೂ ಹಾಗೇ ಇರುತ್ತೆ, ಆದ್ರೂ ಮಕ್ಕಳ ಹಲ್ಲು ನೋಡಿ, ಕಂದು ಗೆರೆ. ಫ್ಲೋರೈಡ್ ನೀರಲ್ಲಿ ಪೂರ್ತಿ ಕರಗಿರುತ್ತೆ, ಕಣ್ಣಿಗೆ ಕಾಣಲ್ಲ, ಬಟ್ಟೆಯಲ್ಲಿ ಸೋಸಿದ್ರೂ ಹೋಗಲ್ಲ. ಕುದಿಸಿದ್ರೆ ನೀರು ಆವಿಯಾಗಿ ಫ್ಲೋರೈಡ್ ಇನ್ನೂ ಗಟ್ಟಿ ಆಗುತ್ತೆ. ಲೀಟರಿಗೆ 1 ಮಿ.ಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲ ಅಂದ್ರೆ 1.5ರವರೆಗೆ. ತಿಳಿ ಅಂದ ಮಾತ್ರಕ್ಕೆ ಶುದ್ಧ ಅಲ್ಲ.

ಔಷಧದಂಗಡಿ_ತುಮಕೂರು, 9:31
ಸಿಸ್ಟರ್ ಹೇಳಿದ್ದು ಔಷಧಕ್ಕೂ ಸೇರುತ್ತೆ. ರಾಗಿಮುದ್ದೆಯವರು ನಿನ್ನೆ ತಿಳಿಯಾಗಿರೋದನ್ನೇ ತಗೊಳ್ಳಿ ಅಂದ್ರಲ್ಲ. 1937ರಲ್ಲಿ ಅಮೆರಿಕದಲ್ಲಿ ಸೋಂಕಿಗೆ ಕೊಡೋ ಸಲ್ಫನಿಲಮೈಡ್ ನೀರಲ್ಲಿ ಸರಿಯಾಗಿ ಕರಗಲ್ಲ ಅಂತ ಡೈಎಥಿಲೀನ್ ಗ್ಲೈಕಾಲ್ ಅನ್ನೋ ವಿಷದ ದ್ರವದಲ್ಲಿ ಕರಗಿಸಿ ಮಾರಿದ್ರು. ನೋಡೋಕೆ ಚೆಂದ, ರುಚಿಯೂ ಸಿಹಿ. ನೂರಕ್ಕೂ ಹೆಚ್ಚು ಜನ ಸತ್ರು, ಅದರಲ್ಲಿ ಮಕ್ಕಳೂ ಇದ್ರು. ಮರುವರ್ಷ ಅಲ್ಲಿ ಔಷಧ ಕಾನೂನೇ ಬದಲಾಯ್ತು. ಆದ್ರೂ 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡದಲ್ಲಿ ಕೆಮ್ಮಿನ ಸಿರಪ್‌ನಲ್ಲಿ ಅದೇ ವಿಷ ಸಿಕ್ತು, ಪುಟ್ಟ ಮಕ್ಕಳು ಹೋದ್ವು. ಆ ಸುದ್ದಿ ಓದಿದ ದಿನ ಅಂಗಡಿಯಲ್ಲಿ ನನ್ನ ಕೈ ಓಡಲಿಲ್ಲ. ಕಣ್ಣಿಗೆ ಕಾಣೋದನ್ನ ಗಿರಾಕಿ ನೋಡಬಹುದು, ಕರಗಿರೋದನ್ನ ಲ್ಯಾಬೇ ನೋಡಬೇಕು. ಬಿಲ್ ಇಸ್ಕೊಳ್ಳಿ, ಬ್ಯಾಚ್ ನಂಬರ್ ಇರೋ ಬಾಟಲಿ ಇಟ್ಟುಕೊಳ್ಳಿ.

ರಾಗಿಮುದ್ದೆ, 9:40
ನನ್ನ ಮಾತು ತಪ್ಪಾಯ್ತು ಸಾರ್.

ದ್ರಾಕ್ಷಿತೋಟ, 10:02
ಓಆರ್‌ಎಸ್ ಕೂಡ ಹೀಗೇನಾ? ನಮ್ಮಾಕೆ ಒಂದು ಲೋಟಕ್ಕೆ ಕಾಲು ಪ್ಯಾಕೆಟ್ ಹಾಕ್ತಾಳೆ.

ಪಾವಗಡ_ಸಿಸ್ಟರ್, 10:10
ಬೇಡ ಅಣ್ಣಾ. ದೊಡ್ಡ ಪ್ಯಾಕೆಟ್ ಒಂದು ಲೀಟರಿಗೆ ಅಂತಲೇ ತೂಕ ಹಾಕಿರೋದು. ಉಪ್ಪು 2.6 ಗ್ರಾಂ, ಗ್ಲೂಕೋಸ್ 13.5, ಪೊಟ್ಯಾಸಿಯಂ ಕ್ಲೋರೈಡ್ 1.5, ಸಿಟ್ರೇಟ್ 2.9. ಪುಡಿ ಪ್ಯಾಕೆಟ್ಟಲ್ಲಿ ಮೇಲೆ ಕೆಳಗೆ ಒಂದೇ ಸಮ ಇರಲ್ಲ, ಕಾಲು ಭಾಗದಲ್ಲಿ ಉಪ್ಪೇ ಜಾಸ್ತಿ ಬರಬಹುದು. ಗಟ್ಟಿಯಾದ್ರೆ ಕರುಳು ನೀರು ಹೀರೋ ಬದಲು ಮೈಯಿಂದಲೇ ನೀರು ಎಳೆಯುತ್ತೆ, ಭೇದಿ ಜಾಸ್ತಿ. ಪೂರ್ತಿ ಒಂದು ಲೀಟರಿಗೆ ಕಲಸಿ, 24 ಗಂಟೆ ಆದ್ಮೇಲೆ ಚೆಲ್ಲಿ.

ಕೈವಾರದ_ದಾರಿ, ಸೋಮವಾರ ಸಂಜೆ 6:25
ಮಗಳ ಜ್ವರ ಬಿಟ್ಟಿದೆ. ಬೆಳಗ್ಗೆ ಇಡ್ಲಿ ತಿಂದಳು. ಡಾಕ್ಟ್ರ ಹತ್ರಾನೂ ತೋರಿಸಿ ಬಂದ್ವಿ.

ಹಳೇ ಬಾಟಲಿಯನ್ನ ಅತ್ತೆ ಎದುರಿಗೇ ಕುಲುಕಿ ತೋರಿಸಿದೆ. ಗಸಿ ಎದ್ದು ಬಾಟಲಿ ಪೂರ್ತಿ ಬೆಳ್ಳಗಾಯ್ತು. ಸುಮ್ಮನೆ ನೋಡ್ತಾ ಕೂತ್ರು, ಆಮೇಲೆ "ಮೂರು ಸಲ ಮಗೂನ ಸುಮ್ಮನೆ ಅಳಿಸಿದೆ" ಅಂತ ಕಣ್ಣೊರೆಸಿಕೊಂಡ್ರು. ಅವರದೇನೂ ತಪ್ಪಿಲ್ಲ ಅಂದೆ, ಡೇರಿ ಹಾಲಿನ ಕಥೆ ಹೇಳಿದೆ. ಅದು ತಕ್ಷಣ ಅರ್ಥ ಆಯ್ತು. ಈಗ ಮನೆಯಲ್ಲಿರೋ ಪ್ರತಿ ಬಾಟಲಿ ಮೇಲೂ ಪಟ್ಟಿ ಅಂಟಿಸಿ "ಕುಲುಕಿ" ಅಥವಾ "ಕುಲುಕಬೇಡಿ" ಅಂತ ನನ್ನ ಕೈಯಲ್ಲಿ ಬರೆಸಿದ್ದಾರೆ.

ಕಪಾಟಿನಲ್ಲಿ ಇನ್ನೂ ಒಂದು ಸಿಕ್ತು, ಕೆಮ್ಮಿಂದು, ಅರ್ಧ ಇದೆ. ಇಟ್ಕೊಳ್ಲಾ?

ಔಷಧದಂಗಡಿ_ತುಮಕೂರು, 6:31
ಸೀಲ್ ಒಡೆದ ದಿನಾಂಕ ಬರೆದಿದ್ದೀರಾ?

ಕೈವಾರದ_ದಾರಿ, 6:32
ಇಲ್ಲ ಸಾರ್.

ಔಷಧದಂಗಡಿ_ತುಮಕೂರು, 6:32
ಹಾಗಾದ್ರೆ ಎಸೆದುಬಿಡಿ. ಹೊಸ ಬಾಟಲಿ ಮೇಲೆ ಇವತ್ತೇ ದಿನಾಂಕ ಬರೀರಿ.